ಪೂನಂಳ ಮಣ್ಣಿಗೆ ಬಂದವರು

“ಆ ಪೆಟ್ಟಿಗಿ ಕೆಳಗ ಇಳಸಿದ್ಯಂದ್ರ ಕಾಲು ಮುರೀತೀನಿ ಭಾಡಕೋ. ಗಾಡಿ ತಿರುಗಿಸು.”

ಧನರಾಜ ಬೈದದ್ದು ಚಾಲಕ ಮಹೆಬೂಬನನ್ನು. ಆದರೆ ಅವನ ಕಣ್ಣು ನೆಟ್ಟಿದ್ದು ವ್ಯಾನಿನ ಹಿಂಬಾಗಿಲು ಹಿಡಿದು ನಿಂತಿದ್ದ ಧನಶ್ರೀಯ ಮೇಲೆ. ರಾಜೇಶ್ವರದ ನಡು ಓಣಿ. ಹೊತ್ತು ನೆತ್ತಿಗೆ ಬಂದಿತ್ತು. ಕಿರಾಣಿ ಅಂಗಡಿಯ ಶಟರನ್ನು ಅರ್ಧ ಎಳೆದು, ಪಕ್ಕದ ತನ್ನ ಮನೆಯ ಹೊಸ್ತಿಲಿಗೆ ಅಡ್ಡಲಾಗಿ ಧನರಾಜ ನಿಂತಿದ್ದ. ವ್ಯಾನಿನೊಳಗೆ, ಅರಬಿ ಅಕ್ಷರ ಬರೆದ ಮರದ ಪೆಟ್ಟಿಗೆಯಲ್ಲಿ, ಅವನ ತಂಗಿ ಪೂನಂ ಇದ್ದಳು.

“ಸಾವಕಾರ್ರೆ, ನಿಮ್ಮ ತಂಗಿ ಹೆಣ ಅದ ಇದು,” ಎಂದಳು ಧನಶ್ರೀ. “ದುಬೈದಿಂದ ತಂದೀನಿ. ಮಣ್ಣು ಮಾಡ್ರಿ, ನಾ ನನ್ನ ಊರಿಗಿ ಹೋಗ್ತೀನಿ.”

“ನನ್ನ ತಂಗಿ ಅಲ್ಲಿ ದೊಡ್ಡ ದವಾಖಾನ್ಯಾಗ ನರ್ಸ್ ಇದ್ದಾಳ. ಊರಿಗೆಲ್ಲ ಗೊತ್ತದ. ಇದು ಯಾವ ರಂಡಿ ಹೆಣಾನೋ ಏನೋ. ಹುಮನಾಬಾದಿಗಿ ಒಯ್ದು ಒಗದ್ ಬಾ. ದಿಕ್ಕಿಲ್ಲದ್ದು ಅಂದ್ರ ಸರಕಾರದವರೇ ಸುಡ್ತಾರ.”

ಮಂದಿ ಕೂಡತೊಡಗಿತ್ತು. ಧನರಾಜನ ಮನೆಕಟ್ಟೆಯ ಮೇಲೆ ಕೂತಿದ್ದ, ಊರಿನ ಕ್ರಿಯಾಕರ್ಮ ಮಾಡಿಸುವ ಅಯ್ಯನವರು ಕತ್ತು ಮುಂದೆ ಚಾಚಿ ಕೇಳಿದರು: “ನೀ ಯಾರ ಪೈಕಿ ಬೇ?”

“ಮೋರಖಂಡಿ ಮಚ್ಚೇಂದ್ರನ ಮಗಳ್ರಿ.”

ಯಾವ ಕೇರಿಯ ಮಚ್ಚೇಂದ್ರ ಎಂದು ಯಾರೂ ಕೇಳಲಿಲ್ಲ. ಆ ಹೆಸರೇ ಸಾಕಾಯಿತು. ವ್ಯಾನಿಗೆ ತಾಗಿ ನಿಂತಿದ್ದವರು ಹಿಂದೆ ಸರಿದರು. ಅಯ್ಯನವರು ಶಾಲಿನ ಸೆರಗು ಒಳಗೆಳೆದುಕೊಂಡರು.

“ಕುಣದ ಕಾಲಿಗಿ ನಮ್ಮ ರುದ್ರಭೂಮ್ಯಾಗ ಜಾಗ ಇಲ್ಲ. ಅದ್ರಾಗ ಇವರು ಮುಟ್ಟಿ ತಂದಿದ್ದು. ನಾ ಅಂತೂ ಬರಂಗಿಲ್ಲ ಧನರಾಜ.”

ಕುಣಿದ ಸುದ್ದಿ ಇವರಿಗೆ ಆಗಲೇ ಮುಟ್ಟಿದೆ ಎಂದು ಧನಶ್ರೀಗೆ ಅರ್ಥವಾಯಿತು. ಒಳಮನೆಯ ಕಿಟಕಿಯ ಸರಳಿಗೆ ಮುದುಕಿಯೊಬ್ಬಳ ಮುಖ ಬಂದು ಅಂಟಿತು. “ಒಮ್ಮಿ ಮಾರಿ ತೋರಸ್ರೋ ಯಪ್ಪಾ” ಎಂಬ ದನಿ ಕೇಳಿತು. ಯಾರದೋ ಬಳೆಗೈ ಆ ಮುಖವನ್ನು ಒಳಕ್ಕೆಳೆದು ಕಿಟಕಿ ಮುಚ್ಚಿತು.

“ನೀನೂ ಅಲ್ಲೇ ಕುಣೀತಿದ್ದೇನು?” ಎಂದ ಧನರಾಜ. ಗುಂಪಿನಲ್ಲಿ ಯಾರೋ ನಕ್ಕರು.

ಮೋರಖಂಡಿಯಲ್ಲಿ ಅವಳ ಅಪ್ಪ, ತನ್ನ ಮಗಳು ಅರಬರ ಮನೆಯಲ್ಲಿ ಕೂಸು ಆಡಿಸುವ ಕೆಲಸದಲ್ಲಿದ್ದಾಳೆಂದು ಹೇಳಿಕೊಂಡು ತಿರುಗುತ್ತಿದ್ದ. ಇಲ್ಲಿ ಆಡಿದ ಮಾತು ಸಂಜೆಯೊಳಗೆ ಅಲ್ಲಿಗೆ ಮುಟ್ಟುತ್ತದೆ. ಇಲ್ಲ ಎಂದುಬಿಟ್ಟರೆ ತಾನು ಉಳಿದುಕೊಳ್ಳಬಹುದು. ಪೆಟ್ಟಿಗೆಯಲ್ಲಿದ್ದವಳೊಬ್ಬಳೇ ಕುಣಿದವಳಾಗುತ್ತಾಳೆ.

“ಹೌದ್ರಿ, ಕುಣೀತಿದ್ದೆ,” ಎಂದಳು. “ಇಬ್ರೂ ಒಂದೇ ಬಾರಿನಾಗ. ನಿಮ್ಮ ಅಂಗಡಿ ಮ್ಯಾಲಿನ ಸ್ಲ್ಯಾಬ್ ನರ್ಸ್ ಪಗಾರದಾಗ ಬಿದ್ದಿದ್ದಲ್ಲ, ಅದ್ನೂ ಕೇಳಕೋರಿ.”

ಧನರಾಜ ಕಾಲಿನಿಂದ ಚಪ್ಪಲಿ ಕಿತ್ತು ಎಸೆದ. ಅದು ಅವಳ ಕಿವಿಯ ಮೇಲ್ಭಾಗಕ್ಕೆ ಬಡಿದು ಪೆಟ್ಟಿಗೆಯ ಮೇಲೆ ಹೋಗಿ ಬಿತ್ತು. ಮಹೆಬೂಬ ಅದನ್ನೆತ್ತಿ ಚರಂಡಿಗೆ ಬಿಸಾಡಿ ಗಾಡಿ ಚಾಲೂ ಮಾಡಿದ.

ಊರು ದಾಟುವ ತಿರುವಿನಲ್ಲಿ ಅವನು ಗಕ್ಕನೆ ಬ್ರೇಕು ಒತ್ತಿದ. ಹಿತ್ತಲ ಸಂದಿಯಿಂದ ಬರಿಗಾಲಲ್ಲಿ ಓಡಿಬಂದ ಮುದುಕಿ ರಸ್ತೆಯ ನಡುವೆ ನಿಂತುಬಿಟ್ಟಿದ್ದಳು. ಪೂನಂಳ ತಾಯಿ ಪಾರ್ವತಿಬಾಯಿ.

“ನಂಗೂ ಹತ್ತಸ್ಕೊಳ್ರಿ,” ಎಂದಳು. “ಎಲ್ಲಿ ಒಯ್ಯಾಕತ್ತೀರಿ, ಅಲ್ಲಿಗಿ.”

ಎಲ್ಲಿಗೆ ಎಂದು ಧನಶ್ರೀಗೂ ಆಗ ಗೊತ್ತಿರಲಿಲ್ಲ. ಮುದುಕಿಯ ರಟ್ಟೆ ಹಿಡಿದು ಮೇಲೆಳೆದುಕೊಂಡಳು. “ಮೋರಖಂಡಿಗಿ ನಡೀ ಮಹೆಬೂಬಣ್ಣ,” ಎಂಬ ಮಾತು ತಾನಾಗಿ ಬಂತು.

ಮುಂಬಯಿಯ ಡಾನ್ಸ್ ಬಾರುಗಳಿಗೆ ಬೀಗ ಬಿದ್ದ ಮರುವರ್ಷ ಧನಶ್ರೀ ದುಬೈಗೆ ಹೋದವಳು. ಕಾಗದದ ಮೇಲೆ ಅಲ್ಲಿಗೆ ಹೋದ ಹುಡುಗಿಯರೆಲ್ಲ ಕಲಾವಿದರು. ಇಳಿದ ದಿನವೇ ಮ್ಯಾನೇಜರ ಪಾಸ್‌ಪೋರ್ಟ್ ಕಸಿದುಕೊಂಡ. ಹಗಲೆಲ್ಲ ಹೊರಗಿನಿಂದ ಚಿಲಕ ಹಾಕಿದ ಕೋಣೆ. ಸಂಜೆಯಾದರೆ ವ್ಯಾನು ಬಂದು ಹೋಟೆಲಿನ ನೆಲಮಾಳಿಗೆಯ ಬಾರಿಗೆ ಒಯ್ಯುತ್ತಿತ್ತು. ಕೆಲಸ ಮುಗಿದ ಮೇಲೆ ತಂದು ಮತ್ತೆ ಕೂಡಿಹಾಕುತ್ತಿತ್ತು. ಅಲ್ಲಿ ಸಮುದ್ರ ಅಷ್ಟು ಹತ್ತಿರ ಇದೆಯೆಂದು ಧನಶ್ರೀಗೆ ಗೊತ್ತಾದದ್ದು ಹೆಣದ ಜೊತೆ ಮರಳುವಾಗ, ವಿಮಾನದ ಕಿಟಕಿಯಿಂದ.

ಆ ಕೋಣೆಯಲ್ಲಿ ಪೂನಂ ಮೊದಲೇ ಇದ್ದಳು. ಗಂಡ ಸತ್ತು ತವರಿಗೆ ಮರಳಿದವಳನ್ನು ಹುಮನಾಬಾದಿನ ಏಜೆಂಟನೊಬ್ಬನ ಮುಂದೆ ನಿಲ್ಲಿಸಿ, ಆಸ್ಪತ್ರೆ ಕೆಲಸವೆಂದು ಹೇಳಿ ಕಳಿಸಿದವನು ಧನರಾಜನೇ. ಧನಶ್ರೀಯ ಬಾಯಲ್ಲಿ ತನ್ನ ಸೀಮೆಯ ಕನ್ನಡ ಕೇಳಿದ್ದೇ ಪೂನಂ ಅವಳನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ಜಾತಿ ಕೇಳಿದಳು. ಮರುದಿನದಿಂದ ತನ್ನ ನೀರಿನ ಗ್ಲಾಸು ಬೇರೆ ಇಟ್ಟುಕೊಂಡಳು. ದಿನಾ ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚುವಳು. ಸಂಜೆ ವ್ಯಾನಿನಲ್ಲಿ ಅದನ್ನು ಒರೆಸಿ ಅದೇ ಹಣೆಗೆ ಮಿಂಚಿನ ಪುಡಿ ಬಳಿದುಕೊಳ್ಳುವಳು. ಹಾಗೇ ಕೆಲ ತಿಂಗಳು ನಡೆಯಿತು. ಆಮೇಲೊಮ್ಮೆ ವಾರಗಟ್ಟಲೆ ಜ್ವರ ಬಂದು ಮಲಗಿದಾಗ, ಧನಶ್ರೀ ಕಲಸಿ ಕೊಟ್ಟ ಗಂಜಿಯನ್ನು ಪೂನಂ ಅವಳದೇ ತಟ್ಟೆಯಲ್ಲಿ ಉಂಡಳು. ಗ್ಲಾಸು ಯಾವಾಗ ಒಂದಾಯಿತೋ ಇಬ್ಬರಿಗೂ ನೆನಪಿರಲಿಲ್ಲ.

“ಹ್ಯಾಂಗ ಸತ್ತಳು?” ಎಂದು ಪಾರ್ವತಿಬಾಯಿ ಕೇಳಿದ್ದು ವ್ಯಾನು ಸಸ್ತಾಪುರ ಬಂಗ್ಲಾದಲ್ಲಿ ಬಸವಕಲ್ಯಾಣದ ಕಡೆ ಹೊರಳಿದ ಮೇಲೆ. ಒಂದು ಕೈ ಪೆಟ್ಟಿಗೆಯ ಮೇಲೆಯೇ ಇತ್ತು.

“ಹೊಟ್ಟಿಬ್ಯಾನಿ ಇತ್ತರಿ. ಬಲಗಡೆ. ದವಾಖಾನಿಗಿ ಒಯ್ರಿ ಅಂತ ಕಾಲು ಬಿದ್ದೆ. ಗುರುವಾರ, ಶುಕ್ರವಾರ ಗಿರಾಕಿ ಭಾಳ, ಅದು ಮುಗೀಲಿ ಅಂದ ಮ್ಯಾನೇಜರ್. ಗುಳಿಗಿ ನುಂಗಿಸಿ ನಿಲ್ಲಿಸಿದ್ರು.”

“ಮುಂದ?”

“ಕುಣೀತ ಕುಣೀತ ಕುಂತಳ್ರಿ. ಕುಂತಾಕಿ ಒರಗಿಬಿಟ್ಟಳು. ಅದೂ ಒಂದು ನಮೂನಿ ಕುಣಿತ ಅಂತ ತಿಳದು ಮಂದಿ ಚಪ್ಪಾಳಿ ಹೊಡದ್ರು.”

ಸಹಜ ಸಾವು ಎಂಬ ಕಾಗದ ಸಿಕ್ಕಿದ್ದೇ ಮ್ಯಾನೇಜರ, ಬಾಯಿ ಬಿಡುವವಳು ಅಲ್ಲಿರಬಾರದೆಂದು ಧನಶ್ರೀಯ ವೀಸಾ ರದ್ದು ಮಾಡಿಸಿ ಹೆಣದ ಜೊತೆಯೇ ವಿಮಾನ ಹತ್ತಿಸಿದ್ದ; ಅದನ್ನು ಅವಳು ಹೇಳಲಿಲ್ಲ.

“ಜ್ವರ ಬಂದಾಗ ಅಕಿನ್ನ ಯಾರ ನೋಡ್ತಿದ್ರು?” ಎಂದಳು ಪಾರ್ವತಿಬಾಯಿ.

“ನಾನ್ರಿ.”

“ನಿನ್ನ ಕೈಲೆ ಉಂಡಳೇನು?”

ಧನಶ್ರೀ ಮುದುಕಿಯ ಹಣೆಯ ವಿಭೂತಿ ನೋಡಿದಳು. ಸುಳ್ಳು ಹೇಳಲೇ ಎಂದುಕೊಂಡಳು. “ಉಂಡಳ್ರಿ.”

“ಚಲೋ ಆತು,” ಎಂದಳು ಪಾರ್ವತಿಬಾಯಿ. “ಉಪಾಸ ಸಾಯಲಿಲ್ಲಲಾ.”

ಸುದ್ದಿ ವ್ಯಾನಿಗಿಂತ ಮೊದಲೇ ಮೋರಖಂಡಿ ಮುಟ್ಟಿತ್ತು. ಮಚ್ಚೇಂದ್ರ ಮನೆಯ ಗೋಡೆಗೆ ಮುಖ ಮಾಡಿ ಕೂತಿದ್ದ. ಮಗಳು ಹೋಗಿ ಕಾಲು ಮುಟ್ಟಿದರೂ ತಿರುಗಲಿಲ್ಲ.

“ಹೇಳೋದು ಹೇಳ್ದಿ, ನಾಕು ಮಂದಿ ಮುಂದ ಯಾಕ ಹೇಳ್ದಿ?” ಎಂದ ಗೋಡೆಗೇ.

ತಾಯಿ ದ್ರೌಪತಿ ಹೊಲದಿಂದ ಬಂದವಳು ಕೈಯಲ್ಲಿ ಕೊಯ್ಲಿನ ಕುರ್ಚಗಿ ಹಿಡಿದೇ ನಿಂತಿದ್ದಳು. ಅವಳು ಮಗಳನ್ನು ನೋಡಿದಳು. ಪೆಟ್ಟಿಗೆ ನೋಡಿದಳು. ಅದರ ಪಕ್ಕ ಧೂಳಲ್ಲಿ ಕೂತ ಸಾವಕಾರರ ಮನೆಯ ಮುದುಕಿಯನ್ನು ನೋಡಿದಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು, ಕೊಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಳು. ಪಾರ್ವತಿಬಾಯಿ ತಾನೇ ಕೈಚಾಚಿ ತಂಬಿಗೆ ಇಸಿದುಕೊಂಡು ಗಟಗಟ ಕುಡಿದಳು.

ಅಷ್ಟರಲ್ಲಿ ಮೋಟರ್‌ಸೈಕಲ್ ಬಂದು ನಿಂತಿತು. ಮಹಾರುದ್ರಪ್ಪ. ಕೇರಿಯ ಅರ್ಧ ಮಂದಿ ದುಡಿಯುವುದು ಅವನ ಹೊಲದಲ್ಲಿ. ಧನರಾಜ ಅವನಿಗೆ ಅಳಿಯನಾಗಬೇಕು. ಗಾಡಿಯಿಂದ ಇಳಿಯದೆ ಒಂದು ಕಾಲು ನೆಲಕ್ಕೂರಿದ.

“ಅಕ್ಕಾ, ಏಳ್ರಿ. ಈ ಹೊಲಸಿನ್ಯಾಗ ಕುಂತೀರಿ, ನಾಚಿಕಿ ಬರಂಗಿಲ್ಲೇನು?”

ಪಾರ್ವತಿಬಾಯಿ ಸೆರಗಿನಿಂದ ಪೆಟ್ಟಿಗೆಯ ಮೇಲಿನ ಧೂಳು ಒರೆಸಿದಳು. ಅವನು ದ್ರೌಪತಿಯತ್ತ ತಿರುಗಿದ.

“ನಿನ್ನ ಮಗಳು ಪರದೇಶದಾಗ ಮಾಡಿದ್ದು ಸಾಲಲಿಲ್ಲೇನು ಬೇ? ನಮ್ಮವರ ಹೆಣ ನಿಮ್ಮ ಮಸಣದಾಗ ಹೂಳತೀರಿ? ಕುಣಿ ತೋಡಿದವರು ಯಾರೂ ನಾಳಿಂದ ನನ್ನ ಹೊಲದಾಗ ಕಾಲಿಡಬಾರ್ದು.”

ಕೇರಿಯ ಗಂಡಸರು ಒಬ್ಬೊಬ್ಬರೇ ಒಳಗೆ ಸರಿದರು. ಅವರನ್ನು ದೂರಿ ಪ್ರಯೋಜನವಿರಲಿಲ್ಲ. ರಾಶಿಯ ದಿನಗಳು, ಕೂಲಿ ಸಿಗುವ ಕಾಲ. ದ್ರೌಪತಿ ಕುರ್ಚಗಿಯನ್ನು ಮಾಡಿಗೆ ಸಿಕ್ಕಿಸಿ ಮೂಲೆಯ ಸಲಿಕೆ ತೆಗೆದುಕೊಂಡಳು.

“ನಿಮ್ಮವರಾಗಿದ್ರ ನೀವು ಒಯ್ತಿದ್ರಿ ಧಣಿ,” ಎಂದಳು. “ಬಿಟ್ಟಿದ್ದು ನಮ್ಮದು.”

“ಸೂಳೆ ಸಂತಾನ,” ಎಂದು ಉಗುಳಿ ಅವನು ಗಾಡಿ ತಿರುಗಿಸಿದ.

ಹಳ್ಳದ ದಂಡೆಯಲ್ಲಿ ಹೆಂಗಸರೇ ಕುಣಿ ತೋಡಿದರು. ತಾಯಿ, ಮಗಳು, ಕೇರಿಯ ಮೂರು ನಾಲ್ಕು ವಿಧವೆಯರು. ಕಲ್ಲು ಬಂದಲ್ಲಿ ಮಹೆಬೂಬ ಹಾರೆ ಹಾಕಿದ. ಆಮೇಲೆ ಗಾಡಿಯ ಸಲಾಕೆಯಿಂದ ಪೆಟ್ಟಿಗೆಯ ಮೊಳೆ ಕಿತ್ತ.

ಪೂನಂಳ ಮುಖ ಬಾಡಿರಲಿಲ್ಲ. ಔಷಧದ ವಾಸನೆ ಮೂಗಿಗೆ ಬಡಿಯಿತು. ಅಲ್ಲಿ ಅವಳ ಮೈ ತೊಳೆದವರು ಯಾರೋ, ರೆಪ್ಪೆಯ ಅಂಚಿನ ಮಿಂಚಿನ ಪುಡಿ ತೊಳೆದಿರಲಿಲ್ಲ. ಬಿಸಿಲಿಗೆ ಅದು ಹೊಳೆಯಿತು. ಪಾರ್ವತಿಬಾಯಿ ಸೆರಗಿಗೆ ಉಗುಳು ಹಚ್ಚಿ, ಸಣ್ಣ ಕೂಸಿನ ಮುಖ ಒರೆಸಿದಂತೆ ಒರೆಸಿದಳು. ಹೋಗಲಿಲ್ಲ. ಮತ್ತೆ ಒರೆಸಿದಳು.

“ನಮ್ಮಲ್ಲಿ ಕುಂಡ್ರಿಸ್ತಾರ,” ಎಂದಳು. “ಮಲಗ್ಸಬ್ಯಾಡ್ರಿ. ಕುಂಡ್ರಿಸಿ ಮಣ್ಣು ಕೊಡ್ತಾರ.”

ಧನಶ್ರೀ ಮೊಣಕಾಲ ಕೆಳಗೆ ಕೈಹಾಕಿ ಮಡಿಸಲು ನೋಡಿದಳು. ಅದು ಕಟ್ಟಿಗೆಯಂತೆ ಸೆಟೆದಿತ್ತು. ಮಹೆಬೂಬ ಮೆಲ್ಲಗೆ ಹೇಳಿದ: “ದವಾ ಹಾಕ್ಯಾರಮ್ಮಾ. ಇನ್ನ ಬಗ್ಗಂಗಿಲ್ಲ.”

ಕುಣಿಯನ್ನು ಉದ್ದಕ್ಕೆ ತೋಡಿ ಅಗಲ ಮಾಡಿದರು. ಹೆಣ ಇಳಿಸುವ ಮೊದಲೇ ಪಾರ್ವತಿಬಾಯಿ ದಂಡೆಗೆ ಕೈಯೂರಿ ಒಳಗೆ ಜಾರಿದಳು. ಒಂದು ತುದಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಳು.

“ಅಕಿ ಕುಂಡ್ರಂಗಿಲ್ಲಂದ್ರ ನಾ ಕುಂಡ್ರತೀನಿ. ತಲಿ ನನ್ನ ತೊಡಿ ಮ್ಯಾಲ ಇಡ್ರಿ.”

ಹಾಗೇ ಇಟ್ಟರು. ಬದುವಿನ ಮೇಲೆ ಆಗಲೇ ಧನರಾಜ ಬಂದು ನಿಂತಿದ್ದ, ಮಹಾರುದ್ರಪ್ಪನ ಜೊತೆ. ಮಸಣದ ನೆಲಕ್ಕೆ ಅವನು ಕಾಲಿಡಲಿಲ್ಲ.

“ಅವ್ವಾ, ಮ್ಯಾಲ ಬಾ,” ಎಂದು ಅಲ್ಲಿಂದಲೇ ಕೂಗಿದ. “ಮಂದ್ಯಾಗ ನನ್ನ ಮಾನ ಕಳೀಬ್ಯಾಡ.”

ಪಾರ್ವತಿಬಾಯಿ ತಲೆಯೆತ್ತಲಿಲ್ಲ. ಮಗಳ ಕೂದಲಿನ ಸಿಕ್ಕು ಬೆರಳಿನಿಂದ ಬಿಡಿಸುತ್ತಿದ್ದಳು.

“ಹಾಕ್ರೆ ಮಣ್ಣು,” ಎಂದಳು ಹೆಂಗಸರಿಗೆ.

ಯಾರೂ ಅಲುಗಲಿಲ್ಲ. ಕಡೆಗೆ ದ್ರೌಪತಿ ಒಂದು ಬುಟ್ಟಿ ಎತ್ತಿ ಪೂನಂಳ ಪಾದದ ಕಡೆ ಸುರಿದಳು. ಧನಶ್ರೀ ಸೊಂಟದ ಕಡೆ. ಆಮೇಲೆ ಉಳಿದವರು. ಕಪ್ಪು ಮಣ್ಣು ಏರುತ್ತ ಮುದುಕಿಯ ಮೊಣಕಾಲು ಮುಚ್ಚಿತು. ಧನಶ್ರೀ ಬುಟ್ಟಿ ಕೆಳಗಿಟ್ಟು, ಬಗ್ಗಿ ಕೈ ಚಾಚಿದಳು. “ಇನ್ನ ಏಳ್ರಿ ಯವ್ವಾ.”

ಮುದುಕಿ ಆ ಕೈ ನೋಡಿದಳು. ಹಿಡಿಯಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. ಮಗಳ ಮುಖದ ಮೇಲೆ ಸಿಡಿದ ಮಣ್ಣನ್ನು ಊದಿ ಊದಿ ತೆಗೆಯುತ್ತ ಕೂತೇ ಇದ್ದಳು.