ಕೊನೆಯ ಕೂದಲೆಳೆ

ನನ್ನ ಗಂಡ ತತ್ತ್ವಶಾಸ್ತ್ರದ ಮೇಷ್ಟ್ರು. ಮಗಳ ಲೇತ್ ಪರೀಕ್ಷೆಯ ದಿನವೇ, ಬೆಳಿಗ್ಗೆ ತಿಂಡಿಗೆ ಕೂತವರು ಹಳೇ ಗ್ರೀಕರ ಪುರಾಣ ತೆಗೆದರು.

“ಓಟಗಾರ ಗುರಿ ಮುಟ್ಬೇಕಾದ್ರೆ ಮೊದ್ಲು ಅರ್ಧ ದಾರಿ ಓಡ್ಬೇಕು. ಆಮೇಲೆ ಉಳಿದಿದ್ರಲ್ಲಿ ಅರ್ಧ. ಆಮೇಲೆ ಅದರಲ್ಲೂ ಅರ್ಧ. ಅರ್ಧಗಳು ಮುಗಿಯೋದೇ ಇಲ್ವಲ್ಲ, ಅವನು ಮುಟ್ಟೋದು ಹೇಗಮ್ಮ?”

“ಕಾಲಲ್ಲಿ ಮುಟ್ತಾನೆ! ಪರೀಕ್ಷೆಗೆ ಹೊರಟಿರೋಳ ತಲೇಲಿ ಹುಳ ಬಿಡ್ಬೇಡಿ” ಎಂದು ರೇಗಿದೆ.

ಇಪ್ಪತ್ತೆರಡು ವರ್ಷದಿಂದ ಕಾರ್ಖಾನೆಯಲ್ಲಿ ಉಕ್ಕು ಕೊಯ್ಯುವ ಲೇತಿನ ಮುಂದೆ ನಿಂತವಳು ನಾನು. ಕೆಲಸದ ವಿಷಯದಲ್ಲಿ ನನ್ನ ಮಾತೇ ಕೊನೆ. ಮಗಳಿಗೆ ಕಲಿಸಿದವಳೂ ನಾನೇ. ಪರೀಕ್ಷೆ ಇಷ್ಟೇ: ತಿರುಗುವ ಉಕ್ಕಿನ ಸರಳನ್ನು ಅಳತೆಗೆ ತಕ್ಕಂತೆ ಕೊಯ್ದು, ಮೇಸ್ತ್ರಿ ಕೊಟ್ಟ ಉಂಗುರದಂಥ ಬೇರಿಂಗ್ ಅದರ ಮೇಲೆ ಸರಿಯಾಗಿ ಕೂರುವಂತೆ ಮಾಡಬೇಕು. ಒಂದು ಗಂಟೆಯೊಳಗೆ ಕೂತರೆ ನನ್ನ ಪಕ್ಕದ ಲೇತ್ ಅವಳದು, ಇಲ್ಲದಿದ್ದರೆ ಪ್ಯಾಕಿಂಗ್ ವಿಭಾಗ. ಎರಡು ವರ್ಷದಿಂದ ಆ ಲೇತಿನ ಮೇಲೇ ಅವಳ ಕಣ್ಣು.

ಪರೀಕ್ಷೆ ಮುಗಿಯುವವರೆಗೆ ನಾನು ಹಳದಿ ಗೆರೆಯ ಆಚೆ ನಿಲ್ಲಬೇಕು, ತುಟಿ ಪಿಟಕ್ಕೆನ್ನಬಾರದು. ನನ್ನಂಥ ಬಾಯಿಬಡುಕಿಗೆ ಅದು ಇನ್ನೊಂದು ಪರೀಕ್ಷೆ.

ಮಗಳು ಚೆನ್ನಾಗಿಯೇ ಶುರು ಮಾಡಿದಳು. ಉಕ್ಕಿನ ಸುರುಳಿಗಳು ಬಿದ್ದವು. ಅಳತೆ ಹತ್ತಿರವಾದಂತೆ ಕೈ ಹಿಂಜರಿಯಿತು. ಉಳಿದದ್ದರಲ್ಲಿ ಅರ್ಧ ತೆಗೆದಳು, ಅಳೆದಳು. ಮತ್ತೆ ಅರ್ಧ, ಮತ್ತೆ ಅಳತೆ. ಕೊನೆಗೆ ತೆಗೆಯಲು ಉಳಿದದ್ದು ಒಂದು ಕೂದಲೆಳೆಯಷ್ಟು. ಅದರಲ್ಲೂ ಅರ್ಧ ತೆಗೆಯಲು ಹೊರಟಳು. ಅಷ್ಟು ತೆಳುವಾಗಿ ತೆಗೆಯಹೋದರೆ ಟೂಲಿನ ಅಲಗು ಕೊಯ್ಯುವುದಿಲ್ಲ, ಬರೀ ಉಜ್ಜುತ್ತದೆ. ಸರಳು ಬಿಸಿಯಾಗಿ ಮಿರಮಿರ ಹೊಳೆಯಿತು, ಸುರುಳಿ ಬೀಳಲಿಲ್ಲ. ಬೇರಿಂಗ್ ಕೂರಲಿಲ್ಲ.

ಮನಸ್ಸಿನಲ್ಲೇ ಗಂಡನ ಚಳಿ ಬಿಡಿಸಿದೆ. ಆಮೇಲೆ ನೆನಪಾಯಿತು. ಒಮ್ಮೆ ಅವಳು ಹೆಚ್ಚು ತೆಗೆದು ಸರಳು ಕೆಡಿಸಿದ್ದಳು. ಅಂದಿನಿಂದ “ದುಡುಕ್ಬೇಡ, ಉಳಿದಿದ್ರಲ್ಲಿ ಅರ್ಧ ತೆಗಿ, ಅಳೆ” ಎಂದು ದಿನವೂ ಅವಳ ತಲೆ ತಿಂದವಳು ನಾನೇ.

ಹತ್ತು ನಿಮಿಷ ಉಳಿದಿತ್ತು. ಮಗಳು ಲೇತ್ ನಿಲ್ಲಿಸಿದಳು. ನನ್ನತ್ತ ನೋಡಲೇ ಇಲ್ಲ. ಬಿಸಿಗೆ ಹಿಗ್ಗಿದ ಸರಳು ತಣ್ಣಗಾಗುವವರೆಗೆ ಕೈಕಟ್ಟಿ ನಿಂತಳು. ಮೊಂಡಾದ ಟೂಲ್ ಬಿಚ್ಚಿ, ಹೊಸದಾಗಿ ಮಸೆದದ್ದನ್ನು ಹಾಕಿ, ಇನ್ನೊಮ್ಮೆ ಅಳೆದಳು. ಆ ಕೂದಲೆಳೆಯಷ್ಟನ್ನೂ ಒಂದೇ ಸಲಕ್ಕೆ ತೆಗೆಯುವಂತೆ ಟೂಲ್ ಹಚ್ಚಿದಳು. ತಪ್ಪಿದರೆ ಸರಳು ಗುಜರಿಗೆ, ಅವಳು ಪ್ಯಾಕಿಂಗಿಗೆ. ತೆಳ್ಳನೆಯ ಸುರುಳಿಯೊಂದು ಕೊನೆಯವರೆಗೂ ತುಂಡಾಗದೆ ಬಂತು.

ಮೇಸ್ತ್ರಿ ಬೇರಿಂಗನ್ನು ಹೆಬ್ಬೆರಳಿನಿಂದ ತಳ್ಳಿದರು. ಅದು ಸದ್ದಿಲ್ಲದೆ ಹೋಗಿ ಕೂತಿತು.

“ಲೇತ್ ನಿಂದೇ ಕಣಮ್ಮ” ಎಂದರು.

ನಾನು ಹಳದಿ ಗೆರೆ ದಾಟಿ ಓಡಿದೆ. “ಅರ್ಧ ತಪ್ಪು ನಂದು ಕಣೇ” ಎಂದೆ.

ಮಗಳು ಎಣ್ಣೆಗೈ ಒರೆಸಿಕೊಳ್ಳುತ್ತಾ ನಕ್ಕಳು. “ನೀನೂ ಅರ್ಧದಿಂದ ಶುರು ಮಾಡ್ಬೇಡಮ್ಮ. ಒಂದೇ ಸಲಕ್ಕೆ ಪೂರ್ತಿ ಒಪ್ಕೋ.”

ಒಪ್ಪಿಕೊಂಡೆ.