ಪಾಪದ ರೊಟ್ಟಿ

ಸರ್ ಗಿಲ್ಬರ್ಟ್‌ನ ಹೆಣದ ಮೇಲಿಂದ ದಾಟಿಸಿ ಚಾಚಿದ ರೊಟ್ಟಿಯನ್ನು ಮಾರ್ಜೆರಿ ಮುಟ್ಟಲಿಲ್ಲ. ಹಿಡಿದು ನಿಂತ ಕಾರಭಾರಿ ರೋಜರ್ ಬಾಗಿಲ ಕಡೆ ನೋಡಿದ.

"ಬೇಗ ತಿನ್ನು ಮಾರಾಯ್ತಿ. ಸಂಸತ್ತಿನ ಸಿಪಾಯಿಗಳು ಬಂದ್ರೆ ದಣಿ ಜೊತೆ ನಮ್ಮನ್ನೂ ಹೂತಾರು."

"ಪಾಪ ತಿನ್ನೋಳು ನಾನು. ನಿಂಗ್ಯಾಕೆ ಆತುರ?"

ಹೀಗೆ ಹೆಣದ ಮೇಲಿಂದ ರೊಟ್ಟಿ, ಬಿಯರು ಪಡೆದು ತಿಂದವರಿಗೆ ಸತ್ತವನ ಪಾಪವೆಲ್ಲ ಅಂಟುತ್ತದೆ. ಯಾರೂ ತಿನ್ನದಿದ್ದರೆ ಹೆರೆಫರ್ಡಿನ ಈ ಸೀಮೆಯಲ್ಲಿ ಸತ್ತವನು ಅಲೆಯುವುದು ತಪ್ಪಿದ್ದಲ್ಲ. ಅರಸನನ್ನು ಸೋಲಿಸಿದ ಸಂಸತ್ತಿನವರು ಇದನ್ನೂ ಹಳೆಯ ಪ್ರಾರ್ಥನೆಯನ್ನೂ ನಿಷೇಧಿಸಿದ್ದರು. ಪಾಪ ತಿನ್ನುತ್ತಿದ್ದ ಮುದುಕ ಕಳೆದ ಚಳಿಗಾಲ ಸತ್ತಿದ್ದ. ರೋಜರ್ ಕರೆಯಲು ಹೋದಾಗ ಊರಿನವರು ಬಾಗಿಲೇ ತೆರೆಯಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವ ಜನ. ಬಂದವಳು ಒಕ್ಕಲು ಮನೆಯ ಮಾರ್ಜೆರಿ ಒಬ್ಬಳೇ.

"ಬರಗಾಲದಲ್ಲಿ ಕಣಜ ತೆರೆಸಿದ್ದು ಇವರೇ ಅಲ್ವೇನೇ, ಮಾರ್ಜೆರಿ?" ಎಂದಳು ಗಿಲ್ಬರ್ಟ್‌ನ ವಿಧವೆ ಡೊರೊಥಿ.

"ಹೌದಮ್ಮಾವ್ರೇ. ಉಂಡಿದೀನಿ, ಮರ್ತಿಲ್ಲ."

*

ಅರಸನ ತೆರಿಗೆಯ ವಿರುದ್ಧ ಸಂಸತ್ತಿನಲ್ಲಿ ಗುಡುಗಿದ್ದವನು ಸರ್ ಗಿಲ್ಬರ್ಟ್. ಯುದ್ಧ ಶುರುವಾದಾಗ ಮಾತ್ರ ಅರಸನ ಕಡೆಗೇ ನಿಂತ. "ಅಪ್ಪ ತಪ್ಪು ಮಾಡಿದ ಅಂತ ಮನೆಗೇ ಬೆಂಕಿ ಹಚ್ತೀವಾ?" ಎಂದು ಚರ್ಚಿನ ಮುಂದೆ ಕೇಳಿದ. ಒಕ್ಕಲು ಮನೆಗಳಿಂದ ಹನ್ನೊಂದು ಮಂದಿ ಹುಡುಗರನ್ನು ದಂಡಿಗೆ ಆರಿಸಿದ. ಮಾರ್ಜೆರಿಯ ಮಗ ಹ್ಯೂನ ಹೆಗಲ ಮೇಲೆ ಕೈಯಿಟ್ಟು, "ನಾನೇ ಕರ್ಕೊಂಡು ಹೋಗ್ತೀನಿ, ನಾನೇ ವಾಪಸ್ ಕರ್ಕೊಂಡು ಬರ್ತೀನಿ" ಎಂದ.

ಬಂದದ್ದು ಗಿಲ್ಬರ್ಟ್ ಒಬ್ಬನೇ.

"ನಾವು ಕುದುರೆ ತಿರುಗಿಸಿದ್ವಿ," ಎಂದ, ಅವಳ ಮುಖ ನೋಡದೆ. "ಹುಡುಗರಿಗೆ ಕುದುರೆ ಇರ್ಲಿಲ್ಲ."

ಆಮೇಲೆ ಅವನು ಯಾವ ಕುದುರೆಯನ್ನೂ ಹತ್ತಲಿಲ್ಲ. ಪ್ರತಿ ಭಾನುವಾರ ಅವಳ ಗುಡಿಸಲಿನ ಮುಂದೆ ಕುಂಟುತ್ತ ಹಾದು ಚರ್ಚಿಗೆ ಹೋಗುತ್ತಿದ್ದ. ಅವನು ಕೆಟ್ಟವನಲ್ಲ ಎನ್ನುವುದೇ ಮಾರ್ಜೆರಿಗೆ ಹೆಚ್ಚು ಸಿಟ್ಟು ತರಿಸುತ್ತಿತ್ತು.

*

ಕೊನೆಗೆ ಅವಳು ರೊಟ್ಟಿ ತೆಗೆದುಕೊಂಡು ಎರಡು ತುಂಡು ಮಾಡಿದಳು. ಒಂದನ್ನು ನಿಧಾನವಾಗಿ ಅಗಿದು ನುಂಗಿ, ಬಿಯರು ಕುಡಿದಳು.

"ನಿಮ್ಮ ಪಾಪ ನಾನು ತಗೊಂಡೆ ದಣೀ. ನೆಮ್ಮದಿಯಾಗಿ ಮಲಗಿ. ನಮ್ಮ ಹೊಲದಲ್ಲಿ ಓಡಾಡ್ಬೇಡಿ."

ರೋಜರ್ ಶವಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದ. ಆದರೆ ಉಳಿದ ತುಂಡನ್ನು ಅವಳು ಹೆಣದ ಎದೆಯ ಮೇಲಿಟ್ಟಳು.

"ಇದೇನೇ ಇದು?"

"ಇದು ಹ್ಯೂನ ಬಿಟ್ಟು ಬಂದ ಪಾಪ. ನನ್ನ ಗಂಟಲಲ್ಲಿ ಇಳಿಯೋದಲ್ಲ. ಅವರೇ ಹೊತ್ಕೊಂಡು ಹೋಗ್ಲಿ."

ರೋಜರ್ ಅದನ್ನು ಎತ್ತಲು ಬಾಗಿದ. ಡೊರೊಥಿ ಅವನ ಕೈ ಹಿಡಿದಳು. ಗಂಡನ ಮುಖದ ಮೇಲೆ ಬಟ್ಟೆ ಎಳೆದಳು.

"ಹಾಗೇ ಮುಚ್ಚು."

ಮುಚ್ಚಳ ಕೂರಲಿಲ್ಲ, ರೊಟ್ಟಿ ಅಡ್ಡ ಬಂದಿತ್ತು. ರೋಜರ್ ಮುಚ್ಚಳದ ಮೇಲೆ ಮೊಣಕಾಲೂರಿ, ಮೈಭಾರವೆಲ್ಲ ಹಾಕಿ ಒತ್ತಿ, ಮೊಳೆ ಹೊಡೆದ.