ಕುಬಸದ ಕ್ಯಾಸೆಟ್ಟಿನಲ್ಲಿ ಧ್ರುವನೌಕೆ

ಗಂಗಾ ತನ್ನ ಸೇಡನ್ನು ಹತ್ತು ವರ್ಷ ಉಪ್ಪಿನಕಾಯಿಯಂತೆ ಕಾಪಿಟ್ಟಿದ್ದಳು. ಬೈಲಹೊಂಗಲದ ಆ ತುಂಬಿದ ಮನೆಯಲ್ಲಿ ಅದರ ವಾಸನೆ ಯಾರಿಗೂ ಹತ್ತಿರಲಿಲ್ಲ. ಗಂಡನ ಅಣ್ಣನ ಹೆಂಡತಿ, ಹಿರಿಯ ನೆಗೆಣ್ಣಿ ಸುಂದರವ್ವಳಿಗಂತೂ ಇಲ್ಲವೇ ಇಲ್ಲ.

ತೊಂಬತ್ನಾಲ್ಕರಲ್ಲಿ ರವಿವಾರ ಮುಂಜಾನೆ ಟಿವಿಯಲ್ಲಿ ‘ಧ್ರುವನೌಕೆ’ ಧಾರಾವಾಹಿ ಬರುತ್ತಿತ್ತು. ಮುಗಿಲಾಚೆ ದಾರಿ ತಪ್ಪಿದ ಹಡಗು, ಅದಕ್ಕೊಬ್ಬಳು ನಾಯಕಿ. ಒಲೆಯ ಮುಂದೆಯೇ ಬದುಕು ಸವೆಸುತ್ತಿದ್ದ ಗಂಗಾಳಿಗೆ ತನ್ನದು ಅನ್ನುವುದು ಅದೊಂದೇ. ಕೊನೆಯ ಕಂತಿನ ದಿನ ಮನೆಯಲ್ಲಿ ಸುಂದರವ್ವಳ ಬಸುರಿ ಮಗಳ ಕುಬಸದ, ಅಂದರೆ ಸೀಮಂತದ, ತಯಾರಿ. ಕೂತು ನೋಡಲು ಬಿಡುವಿಲ್ಲದೆ ಕಂತನ್ನು ವಿಸಿಆರ್‌ನಲ್ಲಿ ತುಂಬಿಸಿಟ್ಟಳು. ಮರುವಾರ ಕುಬಸದ ನಡುವೆ ವಿಡಿಯೋದವನ ಕ್ಯಾಸೆಟ್ ಮುಗಿಯಿತು. ಸುಂದರವ್ವ ಕಪಾಟಿನ ಮೇಲಿದ್ದ, ಗಂಗಾ ಇನ್ನೂ ನೋಡಿರದ ಅದೇ ಕ್ಯಾಸೆಟ್ಟನ್ನು ತೆಗೆದುಕೊಟ್ಟಳು; ಕಂತು ಅಳಿಸಿ ಅದರ ಮೇಲೆ ಕುಬಸ ತುಂಬಿತು. ಗಂಗಾ ಹಿತ್ತಲ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು.

“ಅದರಾಗೇನಿತ್ತವಾ, ಬರೇ ಹಾರೂ ಡಬ್ಬಿ,” ಎಂದು ಸುಂದರವ್ವ ಆಮೇಲೆ ನಕ್ಕಳು.

ಗಂಗಾಳೂ ನಕ್ಕಳು, ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ. ಪ್ರತಿ ದೀಪಾವಳಿಗೆ ಎಲ್ಲರೂ ಆ ಕುಬಸ ನೋಡಲು ಕೂತರೆ, ಕ್ಯಾಸೆಟ್ ಹಾಕಿಕೊಟ್ಟು ಹಿತ್ತಲಿಗೆ ಎದ್ದುಹೋಗುತ್ತಿದ್ದಳು. ಒಮ್ಮೆಯೂ ನೋಡಲಿಲ್ಲ.

ಹತ್ತು ವರ್ಷಕ್ಕೆ ಕೇಬಲ್‌ನಲ್ಲಿ ಹೊಸ ‘ಧ್ರುವನೌಕೆ’ ಬಂತು. ಹೊಸ ಹಡಗು, ಹೊಸ ಜನ. ಮಾತು ಮಾತ್ರ ಹಳೆಯ ಹಡಗಿನದೇ. ಒಮ್ಮೆ ಅವರಿಗೆ ಹಳೆಯ ನಾಯಕಿಯ ಸೀಟಿ ಸಿಗುತ್ತಿತ್ತು, ಒಮ್ಮೆ ಅವಳ ಒಡೆದ ಚಹಾ ಕಪ್ಪು. ಹಳೆಯದರ ಕೊನೆ ನೋಡಿದವರಿಗೆ ಅದು ಹಬ್ಬ, ಗಂಗಾಳಿಗೆ ಹುಣ್ಣಿಗೆ ಉಪ್ಪು. ಒಂದು ವಾರ ಹೊಸಬರಿಗೆ ಹಳೆಯ ಹಡಗೇ ಸಿಗುವುದಿತ್ತು. ನಾಯಕಿಯ ಕೊನೆಯ ಮಾತನ್ನು ಮತ್ತೆ ತೋರಿಸುತ್ತೇವೆಂದು ಟಿವಿಯವರು ಸಾರುತ್ತಿದ್ದರು. ಗಂಗಾ ಕುಬಸದ ಆ ಕ್ಯಾಸೆಟ್ಟನ್ನೇ ಇಳಿಸಿದಳು. ಕುಬಸ ಅಳಿಸಿಹೋಗದಿರಲೆಂದು ಕ್ಯಾಸೆಟ್ಟಿನ ಮೂಲೆಯ ಚಿಪ್ಪು ಮುರಿದಿದ್ದರು; ಆ ತೂತಿಗೆ ಟೇಪು ಅಂಟಿಸಿ ಅದರಲ್ಲೇ ಆ ವಾರದ ಕಂತನ್ನು ತುಂಬಿಸಿದಳು. ಮುಯ್ಯಿಗೆ ಮುಯ್ಯಿ.

ಸುಂದರವ್ವಳ ಸೊಸೆ ಐಶ್ವರ್ಯಾಳ ಕುಬಸಕ್ಕೆ ಪಡಸಾಲೆ ತುಂಬ ಬೀಗರು. “ಗಂಗಾ, ಆ ಹಳೀ ಕುಬಸ ಹಾಕವಾ, ಎಲ್ಲಾರೂ ನೋಡ್ಲಿ,” ಅಂದಳು ಸುಂದರವ್ವ. ಪರದೆಯ ಮೇಲೆ ಹಡಗು ಹಾರಿತು. ಬೀಗರು ಮುಸಿಮುಸಿ ನಕ್ಕರು.

“ಅದರಾಗೇನಿತ್ರಿ ಅಕ್ಕಾರ,” ಅಂದಳು ಗಂಗಾ, “ಬರೇ ಹಸರ ಸೀರಿ ಉಟ್ಟ ಕುಂತಿದ್ದು.” ಹತ್ತು ವರ್ಷ ನಾಲಿಗೆಯ ತುದಿಯಲ್ಲಿ ಕಾದಿದ್ದ ಮಾತು ಸಿಹಿಯಾಗಿತ್ತು.

ಸುಂದರವ್ವ ಬೈಯಲಿಲ್ಲ. ಮೆಲ್ಲಗೆ ಹೇಳಿದಳು: “ಅದರಾಗ ನಿಮ್ಮವ್ವ ಇದ್ದಳಲ್ಲವಾ. ಉಗರಗೋಳದಿಂದ ಬಂದು ಸೋಬಾನ ಹಾಡಿದ್ದಳು. ‘ನನ್ನ ಗಂಗಾ ಹಿತ್ತಲದಾಗ ದುಡ್ಯಾಕ ಹತ್ಯಾಳ, ಆಕಿಗೂ ಇದನ್ನ ತೋರಸ್ರಿ’ ಅಂದಿದ್ದಳು. ಅದ ವರ್ಷ ತೀರಿ ಹ್ವಾದಳು. ಅವ್ವನ್ನ ನೋಡಾಕ ಜೀವ ತಡಿಯೂದಿಲ್ಲಂತ ನೀ ಎದ್ದ ಹೋಗ್ತಿ ಅಂತ ತಿಳಕೊಂಡಿದ್ನಿ ನಾ.”

ಟಿವಿಯಲ್ಲಿ ನಾಯಕಿ, ತಾನು ಬಾರದಿದ್ದರೂ ತನ್ನ ದನಿಯಾದರೂ ಮನೆ ಮುಟ್ಟಲಿ ಅನ್ನುತ್ತಿದ್ದಳು. ಗಂಗಾಳಿಗೆ ಅದು ಕೇಳಿಸಲಿಲ್ಲ. ಕ್ಯಾಸೆಟ್ಟನ್ನು ಮುಂದೆ ಮುಂದೆ ಓಡಿಸಿದಳು, ತುದಿಯಲ್ಲಾದರೂ ಒಂದು ತುಣುಕು ಉಳಿದೀತೆಂದು. ಜಾಹೀರಾತು, ವಾರ್ತೆ, ಮತ್ತೆ ಜಾಹೀರಾತು. ಏನೂ ಉಳಿಯಬಾರದೆಂದು ಕ್ಯಾಸೆಟ್ ಮುಗಿಯುವವರೆಗೆ ತುಂಬಿಸಿದ್ದವಳು ಅವಳೇ.